ಪಾಳಿ ಒಪ್ಪಿಸುವ ಅರ್ಧ ಗಂಟೆ

ಟಣ್ ಟಣ್, ಟಟಣ್. ತೊಮೆ ಊರಿನ ಗುಡ್ಡದ ಬೀದಿಯನ್ನು ಗ್ಯಾಸ್ ಗಾಡಿ ಹತ್ತುತ್ತಿದೆ ಎಂದು ಈ ಸದ್ದಿನಿಂದಲೇ ತಿಳಿಯುತ್ತದೆ. ಗಾಡಿ ಓಡಿಸುವವನು ತಮ್ಮ, ಅಣ್ಣ ನಿಬಾಲ್ದೊ ಹಿಂದೆ ಸಿಲಿಂಡರುಗಳ ನಡುವೆ ನಿಂತು ಕಬ್ಬಿಣದ ತುಂಡಿನಿಂದ ಬಡಿಯುತ್ತಾನೆ. ಕೂಗಿ ಕರೆಯುವ ಅಗತ್ಯವಿಲ್ಲ. ಆ ತಾಳ ಕಿವಿಗೆ ಬಿದ್ದರೆ ಸಾಕು, ಒಲೆ ಆರಿದ ಮನೆಯವರು ಕೈ ಒರೆಸಿಕೊಂಡು ಬಾಗಿಲಿಗೆ ಬರುತ್ತಾರೆ. ಆದರೆ ಬ್ರೆಡ್ ಅಂಗಡಿ ದಾಟಿ ಹಳದಿ ತಗಡಿನ ಮನೆಯ ಹತ್ತಿರ ಬರುವಾಗ ಕೆಲವು ದಿನ ಆ ಸದ್ದು ತಟ್ಟನೆ ನಿಂತುಬಿಡುತ್ತದೆ. ಗಾಡಿ ಮೆಲ್ಲಗೆ ಉರುಳಿ ತಿರುವು ದಾಟುತ್ತದೆ, ಆಮೇಲೆಯೇ ಮತ್ತೆ ಟಣ್ ಟಣ್. ಹಳದಿ ಮನೆಯ ಕಿಟಕಿಯಲ್ಲಿ ಒಂದು ಜೊತೆ ಬಿಳಿ ಬೂಟು ಗಾಳಿಗೆ ಇಟ್ಟಿದ್ದರೆ, ಮಿರೆಯಾ ಸಾನ್ವೆಸಾ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಾರೆ ಎಂದು ಲೆಕ್ಕ. ಹೀಗೆ ಮಾಡು ಎಂದು ನಿಬಾಲ್ದೊಗೆ ಯಾರೂ ಹೇಳಿದ್ದಲ್ಲ. ಅವನ ತಾಯಿ ಹಾಸಿಗೆ ಹಿಡಿದಿದ್ದಾಗ ಮಿರೆಯಾ ದಿನವೂ ಹೋಗಿ ಬೆನ್ನಿನ ಹುಣ್ಣು ತೊಳೆದು ಬರುತ್ತಿದ್ದರು. ಅದಕ್ಕೆ ಅವನು ಯಾವತ್ತೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಅವನಿಗೆ ತಿಳಿದ ಹಾಗೆ, ಬಡಿಯುವುದನ್ನು ನಿಲ್ಲಿಸಿದ.

ಮಿರೆಯಾ ಕೊನ್ಸೆಪ್ಸಿಯೋನ್ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಕಡಲ ಅಂಚಿನ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ನಾನು ಅದೇ ಆಸ್ಪತ್ರೆಯ ಅದೇ ಮಹಡಿಯಲ್ಲಿ ಕೆಲಸ ಮಾಡುವವಳು. ನಮ್ಮದು ಒಂದು ದಿನ ಹಗಲು, ಮರುದಿನ ರಾತ್ರಿ, ಆಮೇಲೆ ಎರಡು ದಿನ ಬಿಡುವು. ಭಾನುವಾರ, ಹಬ್ಬ ಎಂದು ನೋಡದೆ ಈ ಚಕ್ರ ತಿರುಗುತ್ತಲೇ ಇರುತ್ತದೆ. ಇದರ ಒಂದು ಗುಣವೆಂದರೆ, ನಿಮ್ಮ ಹಗಲು ಪಾಳಿಯನ್ನು ವಹಿಸಿಕೊಳ್ಳುವವರು ಯಾವಾಗಲೂ ಒಬ್ಬರೇ. ಮಿರೆಯಾ ಅವರ ಹಗಲು ಮುಗಿಯುವಲ್ಲಿ ನನ್ನ ರಾತ್ರಿ ಶುರುವಾಗುತ್ತದೆ. ನಾನು ಕೆಲಸಕ್ಕೆ ಸೇರಿದಂದಿನಿಂದ ಹೀಗೇ. ಇಷ್ಟು ವರ್ಷಗಳಲ್ಲಿ ಒಟ್ಟಿಗೆ ಕೂತು ಊಟ ಮಾಡಿದ್ದು ಕಡಿಮೆ, ಆದರೆ ಸಂಜೆಯ ಆ ಅರ್ಧ ಗಂಟೆ ಅವರ ಮಗ್ಗುಲಲ್ಲಿ ನಿಂತು ಹಾಸಿಗೆಯಿಂದ ಹಾಸಿಗೆಗೆ ನಡೆದದ್ದಕ್ಕೆ ಲೆಕ್ಕವಿಲ್ಲ.

ಪಾಳಿ ಒಪ್ಪಿಸುವುದರಲ್ಲಿ ಮಿರೆಯಾ ನಮ್ಮ ಮಹಡಿಗೆಲ್ಲ ನಿಧಾನ. ಔಷಧಿ, ಡ್ರಿಪ್, ಬಿಪಿ, ಬ್ಯಾಂಡೇಜು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದಿರುತ್ತಾರೆ, ಬಾಯಲ್ಲೂ ಹೇಳುತ್ತಾರೆ. ಅದಾದ ಮೇಲೆ ಅವರ ನಿಜವಾದ ಮಾತು ಶುರು.

"ಈ ಅಮ್ಮ ಊಟ ಆಯ್ತು ಅಂತಾಳೆ, ಆಗಿರಲ್ಲ. ತಟ್ಟೆ ಮುಚ್ಚಳ ತೆಗೆದು ನೋಡು. ಅವಳ ಮಗಳು ಫೋನ್ ಮಾಡಿದ್ರೆ ಹೊರಗೆ ಹೋಗಿ ಮಾತಾಡು, ಇಲ್ಲಿ ಬೇಡ. ಇಲ್ಲಿ ಈ ಹುಡುಗ ಇದ್ದಾನಲ್ಲ, ಸೂಜಿ ಅಂದ್ರೆ ಹೆದರಲ್ಲ, ಕೈಗವಸು ಹಾಕ್ಕೊಳೋ ಸದ್ದಿಗೆ ಹೆದರ್ತಾನೆ. ಹೊರಗೇ ಹಾಕ್ಕೊಂಡು ಬಾ."

ರೋಗಿ ಎಚ್ಚರವಾಗಿದ್ದರೆ ಅವರನ್ನೂ ಮಾತಿಗೆ ಎಳೆಯುತ್ತಾರೆ. "ಇವಳು ನೋಡಿ, ನಾನು ಹೋದ್ಮೇಲೆ ಇವಳೇ ನಾನು. ನನಗೆ ಕೊಟ್ಟಷ್ಟೇ ಕಾಟ ಇವಳಿಗೂ ಕೊಡ್ಬೇಕು, ಕಡಿಮೆ ಮಾಡ್ಬಾರ್ದು." ರೋಗಿಗಳು ನಗುತ್ತಾರೆ. ಚಿಕ್ಕಮ್ಮಾ ಎನ್ನುತ್ತಾರೆ. ನಾವೂ ಅವರನ್ನು ಹಾಗೇ ಕರೆಯುವುದು.

ಈ ಪದ್ಧತಿ ಅವರಿಗೆ ಬಂದದ್ದು ಅಪ್ಪನಿಂದ. ತೊಮೆಯ ಬಟ್ಟೆ ಗಿರಣಿಯಲ್ಲಿ ಅಪ್ಪ ಮಗ್ಗದ ಕೆಲಸದವರು. ಅಲ್ಲಿ ಪಾಳಿ ಬದಲಾಗುವಾಗ ಮಗ್ಗ ನಿಲ್ಲಿಸುವ ಹಾಗಿರಲಿಲ್ಲವಂತೆ. ಬರುವವನ ಕೈಯನ್ನು ಹಿಡಿದು ಬಟ್ಟೆಯ ಮೇಲೆ ಇರಿಸಿ, ಇಲ್ಲಿ ನೂಲು ಸಡಿಲ, ಇಲ್ಲಿ ಎರಡು ಸಲ ಕಡಿದಿದೆ ಎಂದು ತೋರಿಸಿಯೇ ಹೋಗುವವನು ಹೋಗಬೇಕು. ಗಿರಣಿಯ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ, ಎಲ್ಲವೂ ಬೆರಳಿನಲ್ಲೇ. ಚಿಕ್ಕವಳಿದ್ದಾಗ ಊಟದ ಡಬ್ಬಿ ಒಯ್ಯುತ್ತಿದ್ದ ಮಿರೆಯಾ ಅದನ್ನು ನೋಡಿದ್ದರು. ಗಿರಣಿ ಈಗ ಇಲ್ಲ, ಅಪ್ಪನೂ ಇಲ್ಲ.

ಇನ್ನು ಬೆರಳು ಒತ್ತುವ ವಿಷಯ ಹೇಳಬೇಕು, ಏಕೆಂದರೆ ಕತೆ ಸಿಕ್ಕಿಹಾಕಿಕೊಂಡದ್ದು ಅಲ್ಲೇ.

ಆಸ್ಪತ್ರೆಯ ಕೆಳಗಿನ ಬಾಗಿಲಲ್ಲಿ ಒಂದು ಯಂತ್ರವಿದೆ. ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಬೆರಳು ಒತ್ತಬೇಕು. ಬಹಳ ಹಿಂದೆ, ಯಂತ್ರ ಹೊಸದಾಗಿ ಬಂದಾಗ, ನಮ್ಮ ಮಹಡಿಯ ಮೇಲ್ವಿಚಾರಕಿ ಪಮೆಲಾ ಆ ಹುದ್ದೆಗೆ ಹೊಸಬರು. ಮಿರೆಯಾ ಕೈಯಲ್ಲೇ ಕೆಲಸ ಕಲಿತವರು. ನಮ್ಮ ಪಾಳಿ ಮುಗಿಯುವುದು ಎಂಟಕ್ಕೆ. ಒಪ್ಪಿಸಿ ಇಳಿಯುವಾಗ ಎಂಟೂವರೆಯಾಗುತ್ತಿತ್ತು. ಆ ಹೆಚ್ಚಿನ ಹೊತ್ತೆಲ್ಲ ಯಂತ್ರದಲ್ಲಿ ಕಾಣಿಸಿಕೊಂಡು, ನಿನ್ನ ಮಹಡಿಯವರು ಯಾಕೆ ಹೊತ್ತಿಗೆ ಸರಿಯಾಗಿ ಹೋಗುವುದಿಲ್ಲ ಎಂದು ಮೇಲಿನವರು ಪಮೆಲಾರನ್ನು ಬೈದರು. ಪಮೆಲಾ ಬಟ್ಟೆ ಜೋಡಿಸುವ ಕೋಣೆಯಲ್ಲಿ ನಿಂತು ಅತ್ತರು. ಮಿರೆಯಾ ಅವರ ಬೆನ್ನು ಸವರಿ ಹೇಳಿದರು: "ಅಳ್ಬೇಡ್ವೇ. ಎಂಟಕ್ಕೆ ಕೆಳಗೆ ಹೋಗಿ ಬೆರಳು ಒತ್ತಿ ಬರ್ತೀವಿ. ಆಮೇಲೆ ಮೇಲೆ ಬಂದು ಒಪ್ಪಿಸ್ತೀವಿ. ಯಂತ್ರಕ್ಕೂ ಸಮಾಧಾನ, ನಿನಗೂ ಸಮಾಧಾನ."

ಅಲ್ಲಿಂದ ಅದೇ ನಮ್ಮ ರೂಢಿಯಾಯಿತು, ಬರಬರುತ್ತ ಉಳಿದ ಮಹಡಿಗಳಿಗೂ ಹಬ್ಬಿತು. ಹೊಸಬರು ಬಂದ ಮೊದಲ ದಿನವೇ ನಾವು ಅವರಿಗೆ ಮೂರು ವಿಷಯ ಹೇಳಿಕೊಡುತ್ತಿದ್ದೆವು: ಬೀಗದ ಕೈ ಎಲ್ಲಿರುತ್ತದೆ, ಚಹಾ ಎಲ್ಲಿ ಸಿಗುತ್ತದೆ, ಎಂಟಕ್ಕೆ ಹೋಗಿ ಬೆರಳು ಒತ್ತಿ ಬಾ. ಯಾರೂ ಯಾಕೆ ಎಂದು ಕೇಳಲಿಲ್ಲ. ಪಾಳಿ ಒಪ್ಪಿಸುವ ಹೊತ್ತು ಎಂಬುದು ನಮ್ಮ ದಿನದಲ್ಲಿ ಇತ್ತು, ಆಸ್ಪತ್ರೆಯ ದಿನದಲ್ಲಿ ಇರಲಿಲ್ಲ.

ಈ ವರ್ಷ ನಮ್ಮ ನೌಕರರ ಸಂಘ ಆಸ್ಪತ್ರೆಯ ಜೊತೆ ಮಾಡಿಕೊಂಡಿದ್ದ ಹಳೆಯ ಒಪ್ಪಂದ ಮುಗಿಯುತ್ತ ಬಂತು. ಮಾತುಕತೆಗೆ ಸಂಘದ ಅಧ್ಯಕ್ಷೆ ಯೆಸೆನಿಯಾ ಜೊತೆಗೆ ಯಾರಾದರೂ ಹಿರಿಯರು ಬೇಕಾಗಿತ್ತು. ಮಿರೆಯಾ ಮೊದಲು ಒಪ್ಪಲಿಲ್ಲ.

"ನನಗೆ ಮೇಜಿನ ಮುಂದೆ ಕೂತು ಮಾತಾಡೋಕೆ ಬರಲ್ಲ ಮಗಳೇ. ನಿಂತ್ರೆ ಮಾತ್ರ ಮಾತು ಬರೋದು."

"ನಿಂತ್ಕೊಂಡೇ ಮಾತಾಡಿ ಚಿಕ್ಕಮ್ಮ. ಅವರು ಕೂತಿರ್ತಾರೆ, ಕತ್ತು ನೋಯಲಿ" ಎಂದಳು ಯೆಸೆನಿಯಾ. ಅವಳು ತುರ್ತು ಚಿಕಿತ್ಸಾ ವಿಭಾಗದವಳು, ಸಣ್ಣ ಮೈಕಟ್ಟು, ಗಟ್ಟಿ ದನಿ. ಮಿರೆಯಾ ನಕ್ಕರು. ನಕ್ಕ ಮೇಲೆ ಇಲ್ಲ ಎನ್ನಲಾಗಲಿಲ್ಲ.

ಮಾತುಕತೆ ನಡೆದದ್ದು ಮೇಲಿನ ಮಹಡಿಯ ಕೋಣೆಯಲ್ಲಿ. ಅಲ್ಲಿನ ಕಿಟಕಿಯಿಂದ ಬಿಯೊಬಿಯೊ ನದಿ ಅಗಲವಾಗಿ, ಬೂದು ಬಣ್ಣದಲ್ಲಿ ಕಾಣುತ್ತದೆ. ಆಡಳಿತದ ಕಡೆಯಿಂದ ಬಂದವರು ಸಿಬ್ಬಂದಿ ವಿಭಾಗದ ಮೌರಿಸಿಯೊ, ಗೌರವಕ್ಕೆ ನಾವೆಲ್ಲ ದೊನ್ ಮೌರಿಸಿಯೊ ಎನ್ನುತ್ತೇವೆ. ಒರಟ ಮನುಷ್ಯನಲ್ಲ. ಎಲ್ಲರ ಬಟ್ಟಲಿಗೂ ಅವರೇ ಕಾಫಿ ಬಗ್ಗಿಸುತ್ತಿದ್ದರು, ನಮ್ಮ ಮಕ್ಕಳ ಹೆಸರು ಕೇಳಿ ತಿಳಿದುಕೊಳ್ಳುತ್ತಿದ್ದರು. ಚಳಿಗಾಲದ ಕೋಟು, ಹೊಸ ಬೂಟು, ಶಿಶುವಿಹಾರ ಎಲ್ಲ ಬೇಗ ಬೇಗ ಒಪ್ಪಿಗೆಯಾದವು. ನಿಂತದ್ದು ಒಂದೇ ಒಂದು. ಪಾಳಿ ಒಪ್ಪಿಸುವ ಅರ್ಧ ಗಂಟೆಯೂ ಕೆಲಸದ ಹೊತ್ತು, ಅದಕ್ಕೂ ಸಂಬಳ ಎಂದು ಒಪ್ಪಂದದಲ್ಲಿ ಬರೆಯಬೇಕು.

ದೊನ್ ಮೌರಿಸಿಯೊ ಹಾಳೆಗಳನ್ನು ಮೇಜಿನ ಮೇಲೆ ಹರಡಿದರಂತೆ. ಯೆಸೆನಿಯಾ ಆಮೇಲೆ ನಮಗೆ ಹೇಳಿದ್ದು ಇದು.

"ನೋಡಿ, ಎಲ್ಲರ ಬೆರಳೂ ಎಂಟಕ್ಕೇ ಬಿದ್ದಿದೆ. ನಿಮ್ಮದೇ ಬೆರಳು. ನೀವು ಹೇಳೋ ಅರ್ಧ ಗಂಟೆನ ನಾನು ಎಲ್ಲಿ ಅಂತ ಹುಡುಕಲಿ?"

"ಒತ್ತಿ ಬಂದು ಒಪ್ಪಿಸ್ತೀವಿ" ಎಂದಳು ಯೆಸೆನಿಯಾ. "ಇಡೀ ಆಸ್ಪತ್ರೆಗೆ ಗೊತ್ತು."

"ಹಾಗೆ ಒತ್ತಿ ಬನ್ನಿ ಅಂತ ಯಾರು ಹೇಳಿದ್ರು? ನಾವಂತೂ ಹೇಳಿಲ್ಲ. ಮತ್ತೆ ಎಲ್ಲ ಕಂಪ್ಯೂಟರಲ್ಲೇ ಇದೆಯಲ್ಲ, ಬರುವವರು ಓದ್ಕೊಂಡ್ರೆ ಸಾಕಲ್ವಾ? ಈ ಒಂದು ಮಾತು ಬಿಟ್ಟುಬಿಡಿ. ಮಾತುಕತೆ ಬೇಗ ಮುಗಿಸಿದ್ದಕ್ಕೆ ಎಲ್ಲರಿಗೂ ಒಳ್ಳೆ ಬೋನಸ್ ಕೊಡಿಸ್ತೀನಿ."

ಮಿರೆಯಾ ಆ ದಿನ ಹಾಳೆಗಳಲ್ಲಿ ತಮ್ಮ ಹೆಸರಿನ ಸಾಲು ಹುಡುಕುತ್ತ ಕೂತಿದ್ದರಂತೆ.

ಸಂಘದ ಸಭೆ ಸೇರಿದ್ದು ಒಂದು ಶಾಲೆಯ ಆಟದ ಕೊಠಡಿಯಲ್ಲಿ. ಯಾರೋ ಕುಂಬಳಕಾಯಿ ಬೆರೆಸಿ ಕರಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಎಣ್ಣೆಯ ವಾಸನೆ ತುಂಬಿತ್ತು. ಬೋನಸ್ ಎಂಬ ಮಾತು ಬಂದೊಡನೆ ಕೊಠಡಿ ಎರಡಾಯಿತು. ತೆಗೆದುಕೊಂಡು ಮುಗಿಸಿ ಎಂದವರು ಹೆಚ್ಚಾಗಿ ಹೊಸಬರು. ಅವರನ್ನು ತಪ್ಪು ಎನ್ನಲಾರೆ, ಅವರ ಮನೆಗಳಲ್ಲೂ ಒಲೆ ಉರಿಯಬೇಕು.

ಹಿಂದಿನ ಸಾಲಿನಿಂದ ಯೆರ್ಕೊ ಎದ್ದ. ನಮ್ಮ ಮಹಡಿಯ ಸಹಾಯಕ, ನಗಿಸುವವನು. "ನಂಗೊಂದು ಅರ್ಥ ಆಗ್ಲಿಲ್ಲ. ಎಂಟಕ್ಕೆ ಬೆರಳು ಒತ್ತಿ ವಾಪಸ್ ಹೋಗೋ ಈ ಬುದ್ಧಿ ಯಾವ ಮಹಾತಾಯಿ ಕೊಟ್ಟಿದ್ದು? ಅವಳಿಗೊಂದು ಪ್ರತಿಮೆ ಕಟ್ಸೋಣ. ಆಡಳಿತದವರೇ ದುಡ್ಡು ಕೊಡ್ತಾರೆ."

ಜನ ನಕ್ಕರು. ಮಿರೆಯಾ ಮುಂದಿನ ಸಾಲಿನಲ್ಲಿ ಎದ್ದು ನಿಂತರು.

"ನಾನೇ ಕಣೋ ಯೆರ್ಕೊ."

ನಗು ನಿಂತಿತು. ಯೆರ್ಕೊ ಕಿವಿಯವರೆಗೆ ಕೆಂಪಾದ. "ಚಿಕ್ಕಮ್ಮ, ನಾನು ಸುಮ್ನೆ..."

"ಸುಮ್ನೆ ಅಲ್ಲ, ಸರಿಯಾಗೇ ಕೇಳ್ದೆ. ಒಬ್ಬಳಿಗೆ ಬೈಗುಳ ತಪ್ಪಲಿ ಅಂತ ಮಾಡಿದ್ದು. ಇಷ್ಟು ಜನರ ಹೊತ್ತು ಅದರಲ್ಲಿ ಹೋಗುತ್ತೆ ಅಂತ ಹೊಳೀಲಿಲ್ಲ." ಅಷ್ಟು ಹೇಳಿ ಕೂತರು.

ಯೆಸೆನಿಯಾ ತನ್ನ ಯೋಚನೆ ಮುಂದಿಟ್ಟಳು. ಇನ್ನು ಮೇಲೆ ಒತ್ತಿ ಬರುವುದು ಬೇಡ. ಬರುವವರು ಸ್ವಲ್ಪ ಮೊದಲೇ ಬಂದು, ಎಂಟರವರೆಗೆ ಎಷ್ಟು ಒಪ್ಪಿಸಲು ಆಗುತ್ತದೋ ಅಷ್ಟು. ಜೀವಕ್ಕೆ ಬೇಕಾದದ್ದು ಮೊದಲು, ಅದನ್ನು ಯಾರೂ ಬಿಡುವ ಹಾಗಿಲ್ಲ. ಎಂಟು ಹೊಡೆದ ಕೂಡಲೇ ಕೆಳಗಿಳಿದು ಬೆರಳು ಒತ್ತಿ ಮನೆಗೆ. ಉಳಿದದ್ದನ್ನು ಮೇಲ್ವಿಚಾರಕರು ನೋಡಿಕೊಳ್ಳಲಿ. ಹೀಗೆ ಮಾಡುತ್ತೇವೆಂದು ಆಡಳಿತಕ್ಕೆ ಮೊದಲೇ ತಿಳಿಸೋಣ.

"ಮಾತು ಅರ್ಧದಲ್ಲಿದ್ರೆ?" ಮಿರೆಯಾ ಕೇಳಿದರು.

"ಅರ್ಧದಲ್ಲೇ."

"ರೋಗಿ ಮುಂದೆ ನಿಂತು, ಬಾಯಿ ತೆರೆದು, ಹಾಗೇ ಮುಚ್ಕೊಂಡು ಹೋಗೋದಾ?"

"ಹೌದು ಚಿಕ್ಕಮ್ಮ. ಆ ಅರ್ಧ ಮಾತು ಇತ್ತು ಅಂತ ಗೊತ್ತಾಗ್ಬೇಕಾದ್ರೆ ಅದು ಒಂದ್ಸಲ ಇಲ್ದೇ ಹೋಗ್ಬೇಕು. ಮತ್ತೆ ಒಂದು ಹೇಳ್ಲಾ? ನಾವೆಲ್ಲ ಹೋಗಿ ನೀವೊಬ್ರು ನಿಂತ್ರೆ, ನಾವು ಯಾರೂ ಹೋಗಿಲ್ಲ ಅಂತಲೇ ಲೆಕ್ಕ."

ಕೈ ಎತ್ತಿಸಿದಾಗ ಮಿರೆಯಾ ಅವರ ಕೈ ಎಲ್ಲರಿಗಿಂತ ತಡವಾಗಿ, ಕಿವಿಯ ಮಟ್ಟಕ್ಕೆ ಮಾತ್ರ ಎದ್ದಿತು.

ಅದಾದ ಮೇಲೆ ಅವರ ಮೊದಲ ಹಗಲು ಪಾಳಿ ಬಂತು, ಅಂದರೆ ನನ್ನ ಮೊದಲ ರಾತ್ರಿ. ಒಪ್ಪಿಸಲು ಶುರುಮಾಡುವಾಗಲೇ ಅವರ ಕಣ್ಣು ಎದೆಗೆ ಸಿಕ್ಕಿಸಿಕೊಂಡ ಗಡಿಯಾರದ ಮೇಲಿತ್ತು. ನಡುವಿನ ಹಾಸಿಗೆಯ ಹತ್ತಿರ ಇರುವಾಗ ಎಂಟಾಯಿತು. "ಬರ್ತೀನಿ ಮಗಳೇ" ಎಂದರು. ಹೋದರು. ನನಗೆ ಹೆಮ್ಮೆಯಾಯಿತು. ಡ್ರಿಪ್ಪಿನ ಬಾಟಲಿ ಬದಲಿಸಲು ಬಗ್ಗಿದೆ. ಅದು ಮುಗಿಯುವಷ್ಟರಲ್ಲಿ ಬೆನ್ನ ಹಿಂದೆ ಬಿಳಿ ಬೂಟಿನ ಸದ್ದು.

"ಎಲ್ಲಿಗೆ ಬಂದಿದ್ವಿ?" ಎಂದರು ಮಿರೆಯಾ. "ಹಾಂ, ಈ ಅಮ್ಮನ ಎಡಗಾಲು. ತಣ್ಣಗಾದ್ರೆ ಕಾಲುಚೀಲ ಹಾಕು, ಅವಳೇ ಕೇಳಲ್ಲ..."

ನನ್ನ ಮುಖ ನೋಡಿ ಅಲ್ಲಿಗೆ ನಿಲ್ಲಿಸಿದರು. ಕೈ ಬಾಯಿಯ ಮೇಲೆ ಹೋಯಿತು. ಕೆಳಗೆ ಹೋಗಿ ಬೆರಳು ಒತ್ತಿ, ಹಳೆಯ ರೂಢಿಯಂತೆ ಕಾಲು ಅವರನ್ನು ಮೇಲಕ್ಕೆ ಕರೆತಂದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

"ಅಯ್ಯೋ ದೇವರೇ" ಎಂದರು. ಆಮೇಲೆ, ಬಂದದ್ದಾಯಿತಲ್ಲ ಎಂಬ ಹಾಗೆ, ಸಣ್ಣ ದನಿಯಲ್ಲಿ ಉಳಿದ ಹಾಸಿಗೆಗಳನ್ನೆಲ್ಲ ಒಪ್ಪಿಸಿಯೇ ಹೋದರು. ಪಮೆಲಾ ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಅವರು ಕೆಟ್ಟವರಲ್ಲ. ಆದರೆ ನೋಡಿದ್ದನ್ನು ಮೇಲೆ ಹೇಳಬೇಕಾದದ್ದು ಅವರ ಕೆಲಸ.

ಮರುದಿನ ಮೇಜಿನ ಮುಂದೆ ದೊನ್ ಮೌರಿಸಿಯೊ ಆ ಮಾತೆತ್ತಿದರು. ಗೆದ್ದ ದನಿಯಲ್ಲಿ ಅಲ್ಲ, ಅಕ್ಕರೆಯಿಂದಲೇ.

"ಸೆನ್ಯೋರಾ ಮಿರೆಯಾ, ನಿನ್ನೆ ನೀವೇ ಬೆರಳು ಒತ್ತಿ ವಾಪಸ್ ಬಂದು ಒಪ್ಪಿಸಿದ್ರಂತೆ. ಯಾರೂ ಕರೆದಿರ್ಲಿಲ್ಲ. ಅದು ನಿಮ್ಮ ಸೇವಾಭಾವ. ಅಂಥದ್ದನ್ನ ಒಪ್ಪಂದದಲ್ಲಿ ಬರೆದು ಯಾಕೆ ಸಣ್ಣದು ಮಾಡ್ತೀರಿ?"

ಮಿರೆಯಾ ಆಗ ಎದ್ದು ನಿಂತರಂತೆ. ಕುರ್ಚಿಯ ಬೆನ್ನು ಹಿಡಿದು.

"ನಮ್ಮಪ್ಪ ಗಿರಣಿಯಲ್ಲಿ ಮಗ್ಗ ಒಪ್ಪಿಸ್ತಿದ್ದ. ಅವನ ಒಪ್ಪಂದದಲ್ಲಿ ಆ ಹೊತ್ತನ್ನ ಬರೆದಿದ್ರು. ಅದರಿಂದ ಅವನೇನೂ ಸಣ್ಣವನಾಗ್ಲಿಲ್ಲ ದೊನ್ ಮೌರಿಸಿಯೊ. ಬಟ್ಟೇನೂ ಚೆನ್ನಾಗೇ ಬರ್ತಿತ್ತು."

"ಗಿರಣಿ ಮುಚ್ಚಿಹೋಯ್ತಲ್ಲ."

"ಮಗ್ಗ ಒಪ್ಪಿಸಿದ್ದಕ್ಕೆ ಮುಚ್ಚಲಿಲ್ಲ."

ದೊನ್ ಮೌರಿಸಿಯೊ ಪೆನ್ನನ್ನು ಮೇಜಿನ ಮೇಲಿಟ್ಟು ಹೇಳಿದರು: "ನಿಮ್ಮ ಹತ್ರ ಮುಚ್ಚುಮರೆ ಯಾಕೆ? ನಾನು ಬರೆದ್ರೂ ನೀವು ನಿಲ್ತೀರಿ, ಬರೀದಿದ್ರೂ ನಿಲ್ತೀರಿ. ಅಂದ್ಮೇಲೆ ನನ್ನ ಮೇಲಿನವರು ನನ್ನನ್ನ ಯಾಕೆ ಬರೆದೆ ಅಂತ ಕೇಳಲ್ವಾ?"

ಯೆಸೆನಿಯಾ ಇದನ್ನು ನಮಗೆ ಹೇಳುವಾಗ ಸಿಟ್ಟಿನಲ್ಲಿರಲಿಲ್ಲ. ಸುಸ್ತಾಗಿದ್ದಳು. ಕೊನೆಯ ಮಾತುಕತೆಗೆ ಇನ್ನೊಂದು ದಿನ ಗೊತ್ತುಮಾಡಿದ್ದರು. ಅದಕ್ಕೆ ಮೊದಲು ಮಿರೆಯಾ ಅವರಿಗೆ ಒಂದೇ ಒಂದು ಹಗಲು ಪಾಳಿ ಉಳಿದಿತ್ತು. ಉಳಿದ ಮಹಡಿಗಳವರೆಲ್ಲ ಎಂಟಕ್ಕೆ ಸರಿಯಾಗಿ ಇಳಿಯುತ್ತಿದ್ದರು, ಮೇಲ್ವಿಚಾರಕರು ತಡಬಡಾಯಿಸುತ್ತಿದ್ದರು. ಆದರೆ ಮೇಲಿನ ಕೋಣೆಯಲ್ಲಿ ಎಲ್ಲದಕ್ಕೂ ಒಂದೇ ಉತ್ತರ ಸಿದ್ಧವಾಗಿತ್ತು. ಮಿರೆಯಾ ಅಂಥವರು ನಿಲ್ಲುತ್ತಾರಲ್ಲ.

ಬಿಡುವಿನ ದಿನ ನಾನೂ ಯೆಸೆನಿಯಾಳೂ ತೊಮೆಗೆ ಹೋದೆವು. ಹಳದಿ ಮನೆಯ ಹಿಂಬದಿಯಲ್ಲಿ ಕಡಲು ಕಾಣುವಂತೆ ಒಂದು ಬೆಂಚು. ಮಿರೆಯಾ ಸಂಜೆಯ ಚಹಾ ಇಟ್ಟರು. ಬಿಸಿ ಬ್ರೆಡ್ಡಿಗೆ ಬೆಣ್ಣೆಹಣ್ಣು ಹಿಚುಕಿ ಉಪ್ಪು ಸವರಿ ಕೊಟ್ಟರು. ಆಸ್ಪತ್ರೆಯ ಸುದ್ದಿಯನ್ನು ಅವರೇ ತೆಗೆದರು.

"ನಾನು ಹಠಕ್ಕೆ ನಿಲ್ತೀನಿ ಅಂತ ಅಂದ್ಕೋಬೇಡಿ. ಒಪ್ಪಿಸದೆ ಬಂದ್ರೆ ಅವರೆಲ್ಲ ನನ್ನ ಜೊತೆ ಬಸ್ ಹತ್ತಿಬಿಡ್ತಾರೆ. ಈ ಸೀಟಲ್ಲಿ ಕಾಲು ಮುರಿದವನು, ಆ ಸೀಟಲ್ಲಿ ಊಟ ಬಿಟ್ಟವಳು. ಮನೆಗೂ ಬರ್ತಾರೆ. ಒಪ್ಪಿಸಿ ಬಂದ್ರೆ ಮಾತ್ರ ನನ್ನ ಕೈ ಖಾಲಿ."

"ಅವರಿಗೂ ಟಿಕೆಟ್ ತಗೊಳ್ಳಿ ಚಿಕ್ಕಮ್ಮ. ಬಿಲ್ ನಾನು ದೊನ್ ಮೌರಿಸಿಯೊಗೆ ಕಳಿಸ್ತೀನಿ" ಎಂದಳು ಯೆಸೆನಿಯಾ.

ಮಿರೆಯಾ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

"ನೀನು ಹೇಳಿದ್ದು ಸರಿ ಕಣೇ ಯೆಸೆನಿಯಾ. ಅದು ಗೊತ್ತು ನಂಗೆ. ಆದ್ರೆ ಸರಿ ಅಂತ ಗೊತ್ತಿದ್ರೆ ಕಾಲು ಕೇಳ್ಬೇಕಲ್ಲ."

ಯೆಸೆನಿಯಾ ಅವರ ಕೈಮೇಲೆ ಕೈಯಿಟ್ಟಳು. "ನಿಮಗೆ ಆಗದಿದ್ರೆ ನಾನು ಬೋನಸ್ ತಗೊಂಡು ಮುಗಿಸ್ತೀನಿ. ಬೇರೆ ಮಹಡಿಯವರನ್ನ ಎಷ್ಟು ದಿನ ಓಡಿಸ್ಲಿ? ನಿಮ್ಮನ್ನ ಯಾರೂ ಬೈಯ್ಯಲ್ಲ. ಅದನ್ನ ನಾನು ನೋಡ್ಕೋತೀನಿ."

ಅದೇ ಅವರಿಗೆ ಹೆಚ್ಚು ನಾಟಿತು ಎಂದು ನನಗೆ ಅನ್ನಿಸುತ್ತದೆ. ಬೈದಿದ್ದರೆ ಸಹಿಸುತ್ತಿದ್ದರು. ಮಿರೆಯಾ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು. ಕೆಳಗೆ ಮೀನುದೋಣಿಗಳು ಬಣ್ಣಬಣ್ಣದ ಚುಕ್ಕಿಗಳ ಹಾಗೆ ಮರಳಿನ ಮೇಲೆ ಮಲಗಿದ್ದವು. ನಾವು ಹೊರಡುವಾಗ ಅವರು ನಮ್ಮ ಚೀಲಕ್ಕೆ ಬ್ರೆಡ್ ತುಂಬಿಕೊಟ್ಟರು. ಏನು ನಿರ್ಧರಿಸಿದರು ಎಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅವರ ಆ ಕೊನೆಯ ಹಗಲು ಪಾಳಿಯ ಸಂಜೆ ನಾನು ಕೆಲಸಕ್ಕೆ ಬಂದಾಗ ಹೊರಗೆ ಇನ್ನೂ ಬೆಳಕಿತ್ತು. ವಸಂತದ ಕೊನೆ, ಸೂರ್ಯ ನದಿಯ ಆಚೆ ಇಳಿಯಲು ಅವಸರ ಮಾಡುತ್ತಿರಲಿಲ್ಲ. ಮಿರೆಯಾ ಮೊದಲ ಹಾಸಿಗೆಯ ಬಳಿ ಕಾಯುತ್ತಿದ್ದರು. ಎಂದಿಗಿಂತ ಬೇಗ ಶುರುಮಾಡಿದರು. ಪಮೆಲಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು.

ಅವರು ಅಷ್ಟು ವೇಗವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಔಷಧಿ, ಹೊತ್ತು, ನೋವು, ಮುಂದಿನ ಹಾಸಿಗೆ. ತಮಾಷೆ ಇಲ್ಲ. ಇವಳೇ ನಾನು ಎಂಬ ಮಾತೂ ಇಲ್ಲ. ರೋಗಿಗಳು ಏನೋ ತಪ್ಪಿದೆ ಎಂಬಂತೆ ನಮ್ಮನ್ನು ನೋಡಿದರು. ಒಬ್ಬಾಕೆ, "ಯಾಕೆ ಚಿಕ್ಕಮ್ಮ, ಬಸ್ ತಪ್ಪುತ್ತಾ?" ಎಂದಳು. "ಹೌದಮ್ಮ, ಇವತ್ತು ತಪ್ಪಿಸ್ಕೋಬಾರ್ದು" ಎಂದು ಅವಳ ದಿಂಬು ಸರಿಮಾಡಿ ಮುಂದೆ ನಡೆದರು. ವೇಗ ಮಾಡಿದರೆ ಎಲ್ಲವನ್ನೂ ಎಂಟರೊಳಗೆ ಹಿಡಿಸಬಹುದು, ಯಾರನ್ನೂ ಅರ್ಧಕ್ಕೆ ಬಿಡಬೇಕಾಗಿಲ್ಲ ಎಂದು ಅವರು ಅಂದುಕೊಂಡಿದ್ದರೋ ಏನೋ. ನಾನೂ ಮನಸ್ಸಿನಲ್ಲೇ ಅದನ್ನು ಬೇಡಿಕೊಳ್ಳುತ್ತಿದ್ದೆ.

ಕೊನೆಯ ಹಾಸಿಗೆಯಲ್ಲಿ ದೊನ್ ಅರ್ತೆಮಿಯೊ. ಬದುಕೆಲ್ಲ ಮೀನು ಹಿಡಿದ ಮುದುಕ. ಸೊಂಟದ ಮೂಳೆ ಮುರಿದಿದೆ, ಬೆಳಿಗ್ಗೆ ಆಪರೇಷನ್. ಕಣ್ಣು ಮುಚ್ಚಿ ಮಲಗಿದ್ದರು. ದೊಡ್ಡ ಕೈಗಳು ಹೊದಿಕೆಯ ಮೇಲಿದ್ದವು.

"ರಕ್ತ ತೆಳು ಮಾಡೋ ಮಾತ್ರೆ ನಿಲ್ಲಿಸಿದ್ದೀವಿ. ರಾತ್ರಿ ಊಟ ಆದ್ಮೇಲೆ ಏನೂ ಇಲ್ಲ, ಡಾಕ್ಟರು ಹೇಳಿದ ಹೊತ್ತಿನ ಮೇಲೆ ನೀರೂ ಇಲ್ಲ. ನೋವಿನ ಇಂಜೆಕ್ಷನ್ ಬರೆದಿದ್ದೀನಿ. ಎರಡೂ ಕಡೆ ಕಂಬಿ ಏರಿಸಿದ್ದೀನಿ, ಇಳಿಸ್ಬೇಡ. ಗಂಟೆ ಕೈಗೆ ಎಟುಕೋ ಹಾಗಿದೆ." ಮಿರೆಯಾ ಉಸಿರು ತೆಗೆದುಕೊಂಡರು. ಆಗ ಮಾತ್ರ ಅವರ ದನಿ ಹಳೆಯ ದನಿಯಾಯಿತು. "ಇವರು ನಿದ್ದೇಲಿ ಬಲೆ ಎಳೀತಾರೆ. ಇವತ್ತು ಮಧ್ಯಾಹ್ನಾನೂ ಎಳೆದ್ರು. ಕೈ ಬೀಸ್ತಾರೆ, ಹೊದಿಕೆ ಕಿತ್ತು ಹಾಕ್ತಾರೆ, ಯಾರೋ ನೀರಿಗೆ ಬಿದ್ದ ಹಾಗೆ ಕೂಗ್ತಾರೆ. ಹೆದರ್ಬೇಡ. ಬೈಬೇಡ, ಕೈ ಹಿಡಿದು ಒತ್ತೋಕೂ ಹೋಗ್ಬೇಡ, ಇನ್ನೂ ಜೋರಾಗುತ್ತೆ. ಹತ್ರ ಬಗ್ಗಿ ಕಿವೀಲಿ ಒಂದು ಮಾತು ಹೇಳಿದ್ರೆ ತಕ್ಷಣ ಸುಮ್ನಾಗ್ತಾರೆ. ಏನು ಹೇಳ್ಬೇಕು ಅಂದ್ರೆ..."

ಎದೆಯ ಗಡಿಯಾರವನ್ನು ಅವರು ನೋಡಲಿಲ್ಲ. ಗೋಡೆಯ ಗಡಿಯಾರ ನನ್ನ ಬೆನ್ನ ಹಿಂದೆ, ಅವರ ಕಣ್ಣೆದುರಿಗೇ ಇತ್ತು. ಎಂಟಾಯಿತೆಂದು ಅವರ ಮುಖದಲ್ಲೇ ನನಗೆ ತಿಳಿಯಿತು.

ಪಮೆಲಾ ಒಂದು ಹೆಜ್ಜೆ ಒಳಗೆ ಬಂದರು. ಅವರ ದನಿಯಲ್ಲಿ ಅಧಿಕಾರ ಇರಲಿಲ್ಲ. "ಒಂದು ಮಾತು ತಾನೇ ಮಿರೆ. ಹೇಳ್ಬಿಟ್ಟು ಹೋಗು. ನಾನು ಯಾರಿಗೂ ಹೇಳಲ್ಲ."

ಮಿರೆಯಾ ನನ್ನನ್ನು ನೋಡಿದರು. ತುಟಿ ಇನ್ನೂ ತೆರೆದೇ ಇತ್ತು. ದೊನ್ ಅರ್ತೆಮಿಯೊ ಅವರ ಬೆರಳುಗಳು ಹೊದಿಕೆಯ ಮೇಲೆ ಮೆಲ್ಲಗೆ ಮಡಚಿದವು, ಬಿಚ್ಚಿದವು. ಆ ಬೆರಳುಗಳನ್ನು ಒಮ್ಮೆ ಮುಟ್ಟಿ, "ಏನು ಹೇಳ್ಬೇಕು ಅಂದ್ರೆ ಮಗಳೇ, ಅವರ..." ಎಂದವರು ಅಲ್ಲಿಗೇ ಬಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು, ಪಮೆಲಾರನ್ನು ದಾಟಿ, ಲಿಫ್ಟಿಗೆ ಕಾಯದೆ ಮೆಟ್ಟಿಲ ಕಡೆಗೆ ನಡೆದೇಬಿಟ್ಟರು.